ಏನಂದ್ರಿ ಎಂಬುವವರು

ಜನವರಿ ೧೮

ಢಮ್ಮಣ್ಣನಿಗೆ,

ಸಮಸ್ತ ಲೋಕದ ಗಮನಕ್ಕೆ ತರುವುದೇನೆಂದರೆ, ಇಂದು ಬೆಳಿಗ್ಗೆ ಹತ್ತು ಗಂಟೆ ಹದಿನೈದು ನಿಮಿಷದ ಶುಭಗಳಿಗೆಯಲ್ಲಿ, ಗಣಿ ಲೈನಿನ ಹನ್ನೊಂದನೇ ನಂಬರಿನ ಕೋಣೆಯಲ್ಲಿ, ಕೆಟಲಿನ ಮುಚ್ಚಳಕ್ಕೆ ಹೊಸ ಹಿಡಿ ಕೂರಿಸಲಾಯಿತು. ಹಳೆಯ ಹಿಡಿ ಆರು ವರ್ಷಗಳ ಹಿಂದೆಯೇ ಕಳಚಿ ಬಿದ್ದು ಒಲೆಯ ಹಿಂದೆ ತಲೆಮರೆಸಿಕೊಂಡಿತ್ತು. ಹೊಸದು ಮೂಲತಃ ನೂಲು ಸುತ್ತುವ ಮರದ ಉರುಳೆ. ಸಮಾರಂಭದ ಅಧ್ಯಕ್ಷತೆ ನನ್ನದೇ, ಸಭಿಕರೂ ನಾನೇ. ವಂದನಾರ್ಪಣೆಯನ್ನು ಕೆಟಲು ಶಿಳ್ಳೆ ಹಾಕಿ ನೆರವೇರಿಸಿತು.

ನಲವತ್ತೊಂದು ವರ್ಷದ ಮೇಲೆ ಈ ಬುಡ್ಡಿ, ಕೆಟಲಿನ ಸುದ್ದಿ ಹೇಳೋದಕ್ಕಾ ಕಾಗದ ಬರೆದ ಅಂತ ನೀನು ಹುಬ್ಬು ಗಂಟಿಕ್ಕಿರುತ್ತೀಯ. ತಾಳು. ದೊಡ್ಡ ಸುದ್ದಿ ಹೇಳುವ ಮೊದಲು ಸಣ್ಣದು ಹೇಳಿ ಗಂಟಲು ಸರಿಮಾಡಿಕೊಳ್ಳುವುದು ನನ್ನ ಹಳೆಯ ಚಟ. ಅದು ನಿನಗೆ ಗೊತ್ತು. ನೀನೋ, ಗಣಿಯ ಸಿಡಿಮದ್ದಿಗೆ ಬತ್ತಿ ಇಡುವ ಕೆಲಸದವನು. ಕೂಗಿ ಎಚ್ಚರಿಸಿದೆ, ಹೊತ್ತಿಸಿದೆ, ಢಂ ಅನಿಸಿದೆ, ಅಲ್ಲಿಗೆ ಮುಗಿಯಿತು. ನಾನು ದೀಪದ ಕೋಣೆಯವನು. ದಿನಾ ಇನ್ನೂರು ದೀಪ ಒರೆಸಿ, ಕಿಟಕಿಯಿಂದ ಒಂದೊಂದಾಗಿ ಕೊಟ್ಟು, ಮತ್ತೆ ಒಂದೊಂದಾಗಿ ಇಸಕೊಂಡವನು. ನನಗೆ ಆತುರ ಎಲ್ಲಿಂದ ಬರಬೇಕು?

ಸುದ್ದಿ ಇದು. ಗಣಿ ಮುಚ್ಚಿ ಹದಿನೆಂಟು ವರ್ಷವಾದ ಮೇಲೆ ಊರಿನವರಿಗೆ ನಮ್ಮ ನೆನಪಾಗಿದೆ. ಹಳೆಯ ಬಾವಿಯ ಬಾಯಿಗೆ ಕಾಂಕ್ರೀಟು ಹಾಕಿ ಎರಡು ಬೆಂಚು ಇಟ್ಟು ಪಾರ್ಕು ಅಂತ ಕರೆದಿದ್ದಾರೆ. ಅಲ್ಲಿ ಒಂದು ಕಲ್ಲು ನಿಲ್ಲಿಸುತ್ತಾರಂತೆ. ಹೊರಗಿನಿಂದ ದುಡಿಯಲು ಬಂದು ಈ ಗಣಿಯಲ್ಲೇ ಉಳಿದವರ ಸ್ಮಾರಕ. ಉಳಿದವರು ಅಂದರೆ ಬದುಕುಳಿದವರಲ್ಲ, ಒಳಗೇ ಉಳಿದವರು. ಒಟ್ಟು ನಲವತ್ತಮೂರು ಹೆಸರು. ಮೇಲೆ ಕಂಪನಿ ಮಾತಿನ ಲಿಪಿಯಲ್ಲಿ, ಕೆಳಗೆ ಅವರವರ ಲಿಪಿಯಲ್ಲಿ. ನಮ್ಮ ಲಿಪಿಯವರು ಒಂಬತ್ತು ಜನ.

ಕಲ್ಲುಕುಟಿಗನಿಗೆ ನಮ್ಮ ಅಕ್ಷರ ಬಾರದು. ತೆಳುಕಾಗದದ ಮೇಲೆ ಬರೆದುಕೊಟ್ಟರೆ ಹಾಗೇ ಕೆತ್ತುತ್ತಾನಂತೆ. ಬರೆದುಕೊಡುವವರಿಗಾಗಿ ಊರೆಲ್ಲ ಹುಡುಕಿದರು. ಸಿಕ್ಕವನು ನಾನೊಬ್ಬ. ಲೈನಿನಲ್ಲಿ ನಮ್ಮ ಮಾತು ಆಡುತ್ತಿದ್ದ ಇನ್ನೊಬ್ಬ, ಆ ಕ್ಷೌರಿಕ, ಒಂಬತ್ತು ವರ್ಷದ ಹಿಂದೆ ತೀರಿಕೊಂಡ. ಕೆಟ್ಟದಾಗಿ ಕತ್ತರಿಸುತ್ತಿದ್ದ, ಆದರೆ ಸೊಗಸಾಗಿ ಬೈಯುತ್ತಿದ್ದ. ಈಗ ಹೊಸ ಅಂಗಡಿಯಲ್ಲಿ ಕ್ರಾಪು ಚೆನ್ನಾಗಿ ಮಾಡುತ್ತಾರೆ, ಬೈಯುವವರೇ ಇಲ್ಲ. ನಮ್ಮ ಮಾತಿನಲ್ಲಿ ಒಂದು ಜಗಳವಾಡಿ ಒಂಬತ್ತು ವರ್ಷವಾಯಿತು ಅಂದರೆ ನಂಬುತ್ತೀಯಾ? ಕಂಪನಿ ಮಾತಿನಲ್ಲಿ ಜಗಳವಾಡುವಷ್ಟು ನನಗೆ ಈಗಲೂ ಬರುವುದಿಲ್ಲ. ಸಿಟ್ಟು ಬಂದಾಗ ವ್ಯಾಕರಣ ಕೈಕೊಡುತ್ತದೆ.

ಸ್ಮಾರಕ ಸಮಿತಿಯ ಟೀಚರಮ್ಮ ಹಳೆಯ ಕಾರ್ಮಿಕ ಸಂಘದ ಕಡತದಿಂದ ನಿನ್ನ ವಿಳಾಸ ತೆಗೆದುಕೊಟ್ಟರು. ಸೈಕಲ್ ಪಂಕ್ಚರ್ ಅಂಗಡಿ ಅಂತಿದೆ. ಇಲ್ಲಿದ್ದಷ್ಟು ದಿನ ಢಂ ಅನಿಸಿದವನು ಈಗ ಢಂ ಅನ್ನದ ಹಾಗೆ ತೇಪೆ ಹಾಕುತ್ತಿದ್ದೀಯ. ಒಳ್ಳೆಯದು.

ನಮ್ಮ ಒಂಬತ್ತು ಹೆಸರಲ್ಲಿ ಎಂಟನ್ನು ಬರೆದು ಮುಗಿಸಿದೆ. ಮೂವತ್ತೊಂದನೇ ಸಾಲಿನದು ಬಾಕಿ. ಕಂಪನಿ ದಾಖಲೆಯಲ್ಲಿ ಅವನ ಹೆಸರು ಏನಿದೆ ಅಂತ ನಿನಗೆ ಹೇಳಬೇಕಾಗಿಲ್ಲ.

ನಿನ್ನ ಟ್ರಂಕುಗಳು ಹೇಗಿವೆ? ಇಲ್ಲಿಂದ ಹೋಗುವಾಗ ಎರಡು ಹೊತ್ತುಕೊಂಡಿದ್ದೆ. ಒಂದು ನಿನ್ನದು. ಇನ್ನೊಂದರ ಬಗ್ಗೆ ನಾನೇನೂ ಕೇಳುತ್ತಿಲ್ಲ.

ಇಂತಿ, ಕೆಟಲು ಸಂಸ್ಥಾನದ ಏಕೈಕ ಪ್ರಜೆ,
ಬುಡ್ಡಿ

*

ಮಾರ್ಚ್ ೨

ಢಮ್ಮಣ್ಣನಿಗೆ,

ಕೇಳದೇ ಇದ್ದುದಕ್ಕೆ ನೀನು ಉತ್ತರ ಕೊಡಲಿಲ್ಲ. ನ್ಯಾಯವೇ. ಅಂಚೆಯವನು ದಿನಾ ನನ್ನ ಬಾಗಿಲ ಮುಂದೆ ಬಂದಾಗ ಸೈಕಲ್ ನಿಧಾನ ಮಾಡುತ್ತಾನೆ, ತಲೆ ಅಲ್ಲಾಡಿಸುತ್ತಾನೆ, ಮುಂದೆ ಹೋಗುತ್ತಾನೆ. ನನಗೆ ಕಾಗದ ಬರಲಿಲ್ಲ ಅಂತ ಅವನಿಗೇ ಅವಮಾನವಾದಂತಿದೆ.

ಮೊನ್ನೆ ಸಮಿತಿಯ ಸಭೆಯಿತ್ತು. ಟೀಚರಮ್ಮ ಎದ್ದುನಿಂತು ಕಲ್ಲಿನ ಮೇಲಿನ ಹೆಸರುಗಳ ಬಗ್ಗೆ ಒಂದು ಪ್ರಬಂಧ ಓದಿದರು. ಮೂವತ್ತೊಂದಕ್ಕೆ ಬಂದಾಗ ಕನ್ನಡಕ ತೆಗೆದರು. "ಏನಂದ್ರಿ. ಎಷ್ಟು ಗಂಭೀರವಾದ ಹೆಸರು! ಆ ದೂರದ ಭಾಷೆಯಲ್ಲಿ ಇದಕ್ಕೆ ಬಂಡೆಯಂಥ ಧೀರ ಅಂತ ಅರ್ಥ ಇರಬೇಕು" ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಹೌದಲ್ಲವೇ, ಹಿರಿಯರೇ?"

ಹದಿನಾಲ್ಕು ಜನ ನನ್ನ ಮುಖ ನೋಡಿದರು. ನಾನು ಎದ್ದೆ. ಕೋಟು ಎಳೆದುಕೊಂಡೆ. "ಅದು ತುಂಬಾ ಗೌರವದ ಮಾತು" ಅಂದೆ. ಕೂತೆ.

ಸುಳ್ಳಲ್ಲವಲ್ಲ. ಏಕವಚನದಲ್ಲಿ "ಏನಂದೆ?" ಅನ್ನಬಹುದಿತ್ತು. ಅವನು "ಏನಂದ್ರಿ?" ಅಂದ. ಎದುರಿಗಿದ್ದವನು ಬರೀ ಗುಮಾಸ್ತ, ಅದೂ ಮೂಗೊರೆಸಿಕೊಳ್ಳುತ್ತಿದ್ದ ಗುಮಾಸ್ತ. ಅವನಿಗೂ ಬಹುವಚನ.

ನಿನಗೆ ಈ ಕಥೆ ಅರ್ಧ ಗೊತ್ತು. ಉಳಿದರ್ಧವನ್ನು ಇವತ್ತು ಬರೆದುಬಿಡುತ್ತೇನೆ, ಯಾಕೆಂದರೆ ಇನ್ನೊಂದು ಸಲ ಕೂತರೆ ಇಲ್ಲಿ ಒಂದು ಜೋಕು ತುರುಕಿಬಿಡುತ್ತೇನೆ.

ಅವತ್ತು ಹೊಸಬರನ್ನು ಸೇರಿಸಿಕೊಳ್ಳುವ ಮೇಜಿನ ಪಕ್ಕ ದುಭಾಷಿ ಅಂತ ನಿಂತಿದ್ದವನು ನಾನು. ಇಲ್ಲಿಗೆ ಬಂದು ಎರಡು ವರ್ಷವಾಗಿತ್ತು, ಕಂಪನಿ ಮಾತು ನಾಲ್ಕಕ್ಷರ ಬರುತ್ತಿತ್ತು, ಅಹಂಕಾರ ನಲವತ್ತಕ್ಷರದಷ್ಟಿತ್ತು. ಅವನ ಸರದಿ ಬಂತು. ನಮಗಿಂತ ಐದಾರು ವರ್ಷ ದೊಡ್ಡವನು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಕೈ ಎಲ್ಲಿಡಬೇಕೆಂದು ತಿಳಿಯದೆ ಎದೆಗೆ ಕಟ್ಟಿಕೊಂಡಿದ್ದ. ಗುಮಾಸ್ತ ಕಂಪನಿ ಮಾತಿನಲ್ಲಿ "ಹೆಸರು?" ಅಂದ. ಅವನು ಬಗ್ಗಿ, "ಏನಂದ್ರಿ?" ಅಂದ. ಗುಮಾಸ್ತ ಬರೆದುಕೊಂಡ. ನನ್ನ ಕಡೆ ನೋಡಿ, "ಸರಿ ತಾನೆ?" ಅಂದ.

ನಾನು, "ಸರಿ ಸರಿ, ದೊಡ್ಡ ಮನೆತನದ ಹೆಸರು" ಅಂದೆ.

ನಾನು ಒಂದೇ ಒಂದು ಮಾತು ಹೇಳಿದ್ದರೆ ಗುಮಾಸ್ತ ಅಲ್ಲೇ ಹೊಡೆದುಹಾಕಿ ತಿದ್ದುತ್ತಿದ್ದ. ಸಾಲಿನಲ್ಲಿ ಹಿಂದೆ ನಿಂತಿದ್ದ ನಮ್ಮವರಿಬ್ಬರು ನಕ್ಕರು. ನಗಿಸಿದ್ದಕ್ಕೆ ನನಗೆ ಸುಖವಾಯಿತು. ಇದು ನಿನಗೆ ಗೊತ್ತಿಲ್ಲದ ಭಾಗ: ಮೇಜಿನಿಂದ ಈಚೆ ಬಂದಮೇಲೆ ಅವನು ನನ್ನ ತೋಳು ಮುಟ್ಟಿ ತನ್ನ ಹೆಸರು ಹೇಳಿದ. ಹೇಳಿದ, ಢಮ್ಮಣ್ಣ. ನಾನು ನಗುತ್ತಿದ್ದೆ. ಕೇಳಿಸಲಿಲ್ಲ. ಕೇಳಿಸಿತು ಅನ್ನುವ ಹಾಗೆ ತಲೆಯಾಡಿಸಿದೆ.

ಆಮೇಲೆ ನಮ್ಮ ಕೋಣೆಯ ಮೂರನೇ ಮಂಚ ಅವನದಾಯಿತು. ನಾನು ದಿನಾ ಬೆಳಿಗ್ಗೆ ದೀಪದ ಕಿಟಕಿಯಿಂದ, "ಏನಂದ್ರಿಯವರು ದಯಮಾಡಿಸಬೇಕು!" ಅಂತ ಕೂಗುತ್ತಿದ್ದೆ. ಅವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಮೊಳೆಗೆ ತೂಗುಹಾಕಿ, ನಕ್ಕು, ದೀಪ ತೆಗೆದುಕೊಂಡು ಇಳಿಯುತ್ತಿದ್ದ. ಹನ್ನೊಂದು ದಿನ. ಹನ್ನೆರಡನೇ ದಿನ ಒಳಗೆ ಮೇಲಿನ ಬಂಡೆ ಕುಸಿಯಿತು. ಪಾಳಿ ಮುಗಿದಾಗ ಎಲ್ಲರೂ ದೀಪ ಕೊಟ್ಟು ಬಿಲ್ಲೆ ವಾಪಸ್ ತೆಗೆದುಕೊಂಡರು. ಮೊಳೆಯಲ್ಲಿ ಒಂದು ಬಿಲ್ಲೆ ಉಳಿಯಿತು.

ಕಂಪನಿಯವರು ಅವನ ಊರಿಗೆ ಸಾವಿನ ಕಾಗದ ಕಳಿಸಿದರು: ಶ್ರೀ ಏನಂದ್ರಿ ಅವರ ಮನೆಯವರಿಗೆ. ಎರಡು ತಿಂಗಳ ಮೇಲೆ ಅದು "ಈ ಹೆಸರಿನವರು ಇಲ್ಲ" ಅನ್ನುವ ಮುದ್ರೆಯೊಂದಿಗೆ ಬಂತು. ನೀನು ಅದನ್ನು ನನ್ನ ಮುಖದ ಮುಂದೆ ಹಿಡಿದು, "ನಿನ್ನ ತಮಾಷೆ ವಾಪಸ್ ಬಂದಿದೆ, ತಗೋ" ಅಂದೆ. ಮಾರನೇ ದಿನ ಎರಡು ಟ್ರಂಕು ಹೊತ್ತು ಹೊರಟುಹೋದೆ.

ಕಚೇರಿಗೆ ಹೋಗಿ ತಿದ್ದಿಸಬಹುದಿತ್ತು. ತಿದ್ದಿಸಲು ಹೆಸರು ಗೊತ್ತಿರಬೇಕು. ಹೆಸರು ನಿನ್ನನ್ನು ಕೇಳಬೇಕು. ಕೇಳಲು ಮುಖ ಇರಬೇಕು.

ಈಗ ಕೇಳುತ್ತಿದ್ದೇನೆ. ಅವನ ಹೆಸರೇನು? ಜೂನ್ ಹತ್ತಕ್ಕೆ ಕಲ್ಲಿನ ಪರದೆ ತೆರೆಯುತ್ತಾರೆ. ಈ ಸಲ ಬರೆಯುವ ಗುಮಾಸ್ತನೂ ನಾನೇ. ಕಲ್ಲಿನ ಮೇಲೂ ನನ್ನ ಜೋಕೇ ಕೂತರೆ, ಅದನ್ನು ಒರೆಸುವ ಬಟ್ಟೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಬುಡ್ಡಿ

*

ಮಾರ್ಚ್ ೨೯

(ಅಂಚೆ ಕಾರ್ಡು)

ಬುಡ್ಡಿ,

ಎರಡೂ ಕಾಗದ ಬಂದವು. ಮರದ ಹಿಡಿಯಾದರೆ ಉರಿ ಕಡಿಮೆ ಇಡು, ಸುಟ್ಟುಹೋಗುತ್ತದೆ.

ಹೆಸರು ಗೊತ್ತಿದೆ. ಕೊಡುವುದಿಲ್ಲ. ಆ ಹೆಸರು ಕಲ್ಲಿನ ಮೇಲೆ ಬರಬಾರದು. ಕಾರಣ ಕೇಳಬೇಡ.

ಢಂ

*

ಏಪ್ರಿಲ್ ೨೦

ಢಮ್ಮಣ್ಣನಿಗೆ,

ನಲವತ್ತೊಂದು ವರ್ಷದ ಮೇಲೆ ಬಂದ ಮೊದಲ ಕಾಗದದಲ್ಲಿ ಮೊದಲ ಸಲಹೆ ನನ್ನ ಕೆಟಲಿಗೆ. ಕೆಟಲು ಧನ್ಯ. ಕಾರ್ಡನ್ನು ಅಂಚೆಯವನು ಬಾಗಿಲಲ್ಲಿ ಕೊಡುವಾಗ ಅವನ ಮುಖ ನೋಡಬೇಕಿತ್ತು, ತಾನೇ ಬರೆದವನಂತೆ ಹಿಗ್ಗಿದ್ದ. "ಒಳ್ಳೆ ಸುದ್ದಿನಾ?" ಅಂದ. "ಇಲ್ಲ, ಆದ್ರೆ ಅಕ್ಷರ ಚೆನ್ನಾಗಿದೆ" ಅಂದೆ. ಅದನ್ನು ಎಷ್ಟು ಸಲ ಓದಿದೆ ಅಂತ ಹೇಳುವುದಿಲ್ಲ. ನಾಲ್ಕು ಸಾಲಿನ ಕಾರ್ಡು, ಆದರೂ ನಮ್ಮ ಮಾತಿನಲ್ಲಿ ಯಾರೋ ನನ್ನನ್ನು ಗದರಿಸಿದ್ದಾರೆ.

ನೀನು ಕೊಡದಿದ್ದರೂ ನನ್ನ ಪಾಲಿನದು ನಾನು ಮಾಡಬೇಕಿತ್ತು. ನಿನ್ನೆ ಸಮಿತಿಯಲ್ಲಿ ಎದ್ದುನಿಂತೆ.

"ಟೀಚರಮ್ಮ, ಏನಂದ್ರಿ ಅನ್ನೋದು ಹೆಸರಲ್ಲ."

"ಮತ್ತೆ? ಬಿರುದಾ?"

"ಅಲ್ಲ. ನೀವು ಹೇಳಿದ್ದು ನನಗೆ ತಿಳೀಲಿಲ್ಲ, ಇನ್ನೊಂದು ಸಲ ಹೇಳ್ತೀರಾ ಅಂತ."

ತಮ್ಮ ಮಾತು ನನಗೆ ತಿಳಿಯಲಿಲ್ಲ ಅಂದುಕೊಂಡು ಅವರು ಇನ್ನೊಂದು ಸಲ, "ಬಿರುದಾ?" ಅಂದರು. ಅರ್ಥವಾಗುವಷ್ಟರಲ್ಲಿ ಒಂದು ನಿಮಿಷ ಹೋಯಿತು. ಆಮೇಲೆ ಮೇಜಿನ ಸಂಗತಿ ಪೂರ್ತಿ ಹೇಳಿದೆ. ಯಾರೂ ನಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನನ್ನ ಆ ಜೋಕಿಗೆ ಸರಿಯಾದ ಸಭೆ ಸಿಕ್ಕಿತು.

ನಗರಸಭೆಯ ಇಂಜಿನಿಯರ್ ಗಡಿಯಾರ ನೋಡಿಕೊಂಡು, "ಹಾಗಾದ್ರೆ ಆ ಸಾಲು ತೆಗೆದುಬಿಡೋಣ. ನಲವತ್ತೆರಡಾದ್ರೆ ಎರಡು ಕಂಬಸಾಲಿಗೂ ಸಮ ಬರುತ್ತೆ" ಅಂದ. ಟೀಚರಮ್ಮ ಅವನನ್ನು ಒಂದು ನೋಟ ನೋಡಿದರು. ಆ ನೋಟದಲ್ಲಿ ಅವರು ಮೂವತ್ತು ವರ್ಷ ತರಗತಿ ನಡೆಸಿದ್ದಾರೆ. ಅವನು ಗಡಿಯಾರವನ್ನು ತೋಳಿನೊಳಗೆ ಸೇರಿಸಿದ.

ಕಲ್ಲುಕುಟಿಗ ಮೂಲೆಯಲ್ಲಿ ಕೂತಿದ್ದ. ಮಾತು ಕಮ್ಮಿ, ಹುಬ್ಬಿನ ಮೇಲೆಲ್ಲ ಬಿಳಿ ಪುಡಿ. ಅವನು ಕೇಳಿದ್ದು ಇಷ್ಟೇ: "ಜಾಗ ಬಿಡ್ತೀನಿ. ಎಷ್ಟು ಅಕ್ಷರ?"

"ಗೊತ್ತಿಲ್ಲ."

"ಅಂದಾಜು?"

ಅಂದಾಜೂ ಗೊತ್ತಿಲ್ಲ, ಢಮ್ಮಣ್ಣ. ಒಂದೇ ಕೋಣೆಯಲ್ಲಿ ಹನ್ನೊಂದು ರಾತ್ರಿ ಮಲಗಿದವನ ಹೆಸರು ಉದ್ದವೋ ಗಿಡ್ಡವೋ ಅನ್ನುವುದೂ ಗೊತ್ತಿಲ್ಲ. ಅವನು ಎತ್ತರ ಇದ್ದ, ಅದಕ್ಕೆ ಉದ್ದ ಜಾಗ ಬಿಡಿ ಅಂದೆ.

ಕಾರಣ ಕೇಳಬೇಡ ಅಂದಿದ್ದೀಯ. ಕೇಳುವುದಿಲ್ಲ. ಕಲ್ಲಿನಲ್ಲಿ ಜಾಗ ಇದೆ ಅಂತಷ್ಟೇ ಹೇಳುತ್ತಿದ್ದೇನೆ.

ಬುಡ್ಡಿ

*

ಮೇ ೨೨

ಬುಡ್ಡಿ,

ನನಗೆ ನಿನ್ನ ಹಾಗೆ ಬರೆಯಲು ಬರುವುದಿಲ್ಲ. ನೀನು ಸಿಟ್ಟಾಗದೆ ಕೇಳಿದೆ, ಅದಕ್ಕೇ ಬರೆಯುತ್ತಿದ್ದೇನೆ. ಬೈದಿದ್ದರೆ ಬರೆಯುತ್ತಿರಲಿಲ್ಲ.

ಇಷ್ಟು ವರ್ಷ ನಿನ್ನ ಮೇಲಿನ ಕೋಪಕ್ಕೆ ಸುಮ್ಮನಿದ್ದೆ ಅಂತ ನೀನು ತಿಳಿದಿದ್ದೀಯ. ಕೋಪ ಎರಡು ವರ್ಷದಲ್ಲೇ ಹೋಯಿತು.

ಇಲ್ಲಿಗೆ ಬಂದವನು ನೇರ ಅವನ ಹಳ್ಳಿಗೆ ಹೋದೆ. ಟ್ರಂಕು ತಲೆಯ ಮೇಲಿತ್ತು. ಮುಚ್ಚಳದ ಒಳಮೈಯಲ್ಲಿ ಅವನೇ ಹೆಸರು ಬರೆದುಕೊಂಡಿದ್ದ, ಅದನ್ನು ತೋರಿಸಿ ಮನೆ ಕೇಳಿದೆ. ಅವನಿಗೆ ಬರೆಯಲು ಬರುತ್ತಿದ್ದುದು ಅದೊಂದೇ. ತಾಯಿ ಬಾಗಿಲಲ್ಲಿ ಕೂತು ಏನೋ ಆರಿಸುತ್ತಿದ್ದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅವಳು ಟ್ರಂಕು ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ, "ನನ್ನ ಮಗ ಸಾಮಾನು ಮುಂದೆ ಕಳಿಸಿದ್ದಾನಾ? ತಾನು ಹಿಂದೆ ಬರ್ತಾನಾ?" ಅಂದಳು.

ನಾನು, "ಹೂಂ ಅಮ್ಮ" ಅಂದೆ.

ನೀನು ಮೇಜಿನ ಹತ್ತಿರ "ಸರಿ ಸರಿ" ಅಂದೆಯಲ್ಲ, ಅಷ್ಟೇ ಹೊತ್ತು ಹಿಡಿಯಿತು.

ಆಮೇಲೆ ಬಿಟ್ಟುಬರಲು ಆಗಲಿಲ್ಲ. ಹತ್ತಿರದ ಪೇಟೆಯಲ್ಲಿ ಅಂಗಡಿ ಹಾಕಿದೆ. ಎರಡು ತಿಂಗಳಿಗೊಂದು ಕಾಗದ ಬರೆಯುವುದು, ನನ್ನ ಅಂಗಡಿಯ ವಿಳಾಸಕ್ಕೆ ಬಂತು ಅಂತ ಹೇಳಿ ಸೈಕಲ್ ತುಳಿದುಕೊಂಡು ಹೋಗಿ ಓದಿ ಹೇಳುವುದು. ಕೆಲಸ ಚೆನ್ನಾಗಿದೆ, ಕೋಣೆಯವರು ಒಳ್ಳೆಯವರು, ಮುಂದಿನ ವರ್ಷ ಬರುತ್ತೇನೆ. ನಿನ್ನ ಜೋಕುಗಳನ್ನೂ ಹಾಕುತ್ತಿದ್ದೆ, ನಗುತ್ತಿದ್ದಳು. ಅವಳಿಗೆ ಓದು ಬಾರದು. ಆದರೆ ಮಗನ ಹೆಸರಿನ ಆಕಾರ ಗೊತ್ತಿತ್ತು. ಓದಿ ಮುಗಿದ ಮೇಲೆ ಕಾಗದ ಇಸಕೊಂಡು ಕೊನೆಯಲ್ಲಿದ್ದ ಸಹಿಯ ಮೇಲೆ ಬೆರಳಾಡಿಸುತ್ತಿದ್ದಳು. ಅದಕ್ಕೆ ಟ್ರಂಕಿನ ಮುಚ್ಚಳದಲ್ಲಿದ್ದದ್ದನ್ನು ನೋಡಿ ಅದೇ ಥರ ಸಹಿ ಹಾಕಲು ಕಲಿತೆ.

ಹದಿನಾಲ್ಕು ವರ್ಷ. ಅವಳು ತೀರಿಕೊಂಡಾಗ ನಿಲ್ಲಿಸಿದೆ.

ಅವನಿಗೆ ಒಬ್ಬಳು ತಂಗಿ ಇದ್ದಾಳೆ. ಆಗ ಬೇರೆ ಊರಿಗೆ ಮದುವೆಯಾಗಿ ಹೋಗಿದ್ದಳು, ಈಗ ಇದೇ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ತಾಯಿ ಸತ್ತಾಗ ಅಣ್ಣ ಬರಲಿಲ್ಲ, ತಾಯಿ ಹೋದ ಮೇಲೆ ಒಂದು ಸಾಲೂ ಬರೆಯಲಿಲ್ಲ, ಎಲ್ಲೋ ಸುಖವಾಗಿದ್ದಾನೆ ಅಂತ ಅವಳ ಲೆಕ್ಕ. ನನ್ನ ಅಂಗಡಿಯ ಮುಂದೆಯೇ ದಿನಾ ಓಡಾಡುತ್ತಾಳೆ.

ಕಲ್ಲಿನ ಮೇಲೆ ಹೆಸರು ಬಂದರೆ ಅವನು ಸತ್ತಿದ್ದಾನೆ. ಈಗ ಕಾರಣ ತಿಳಿಯಿತಲ್ಲ.

ಢಂ

*

ಜೂನ್ ೧೪

ಢಮ್ಮಣ್ಣ,

ಈ ಕಾಗದದಲ್ಲಿ ಘೋಷಣೆ ಇಲ್ಲ.

ನಿನ್ನದು ಕಲ್ಲು ತೆರೆಯುವ ಹಿಂದಿನ ದಿನ ಬಂತು. ಓದಿ, ಮೂರನೇ ಮಂಚದ ಮೇಲೆ ಕೂತೆ. ಹೌದು, ಅದು ಇನ್ನೂ ಇಲ್ಲೇ ಇದೆ. ನಿನ್ನದರ ಮೇಲೆ ಹಳೆಯ ಪತ್ರಿಕೆ ಪೇರಿಸಿದ್ದೇನೆ. ಅವನದರ ಮೇಲೆ ಏನೂ ಇಡಲು ಮನಸ್ಸು ಬಂದಿಲ್ಲ.

ಮಾರನೇ ದಿನ ಪಾರ್ಕಿಗೆ ಜನ ಬಂದಿದ್ದರು. ಯಾವ್ಯಾವ ಊರಿನಿಂದಲೋ ಮಕ್ಕಳು, ಮೊಮ್ಮಕ್ಕಳು. ಭಾಷಣಗಳಾದವು. ಆಮೇಲೆ ಒಬ್ಬೊಬ್ಬರೂ ತಮ್ಮವರ ಹೆಸರು ಹುಡುಕಿ ಮುಟ್ಟಿದರು. ಮೂವತ್ತಕ್ಕೂ ಮೂವತ್ತೆರಡಕ್ಕೂ ನಡುವೆ ಒಂದು ಗೇಣು ಖಾಲಿ, ನುಣ್ಣಗೆ. ಒಬ್ಬ ಮುದುಕಿ ಎರಡು ಸಲ ಕಲ್ಲು ಸುತ್ತಿ, ತನ್ನವರ ಹೆಸರು ಸಿಗದೆ, ಕೊನೆಗೆ ಆ ಖಾಲಿ ಜಾಗದ ಮೇಲೆ ಅಂಗೈ ಇಟ್ಟು ನಿಂತಳು. ಅವಳವನು ಬೇರೆ ಗಣಿಯವನಂತೆ, ಅಲ್ಲಿ ಕಲ್ಲು ಇಟ್ಟಿಲ್ಲವಂತೆ. ಇಟ್ಟುಕೊಳ್ಳಲಿ ಅಂತ ಸುಮ್ಮನಿದ್ದೆ.

ನಿನ್ನನ್ನು ನಾನು ಏನನ್ನಲಿ? ನೀನು ಹೂಂ ಅಂದಾಗ ಒಬ್ಬ ತಾಯಿ ಹದಿನಾಲ್ಕು ವರ್ಷ ನಗುನಗುತ್ತ ಬದುಕಿದಳು. ನಾನು ಸರಿ ಅಂದಾಗ ಇಬ್ಬರು ನಕ್ಕರು, ಅರ್ಧ ನಿಮಿಷ. ಎರಡನ್ನೂ ತೂಗಲು ನನ್ನ ಹತ್ತಿರ ತಕ್ಕಡಿ ಇಲ್ಲ.

ಆದರೆ ಆ ತಂಗಿ ಬದುಕಿದ್ದಾಳೆ. ಬರದೇ ಇದ್ದ ಅಣ್ಣ ಅಂತ ಅವಳು ಬೈಯುತ್ತಿರುವುದು, ಬರಲು ಆಗದೇ ಇದ್ದವನನ್ನು. ಹೇಳಿಬಿಡು. ಮೇಜಿನ ಹತ್ತಿರ ನಡೆದದ್ದರಿಂದಲೇ ಶುರುಮಾಡು. ಮೊದಲ ತಪ್ಪು ನನ್ನದು, ಅದನ್ನು ಮುಂದಿಟ್ಟುಕೊಂಡು ಹೋಗು. ಬೈಗುಳ ಬಂದರೆ ನನ್ನ ಪಾಲನ್ನು ಅಂಚೆಯಲ್ಲಿ ಕಳಿಸು. ನಮ್ಮ ಮಾತಿನ ಬೈಗುಳ ಇಲ್ಲಿ ಎಲ್ಲೂ ಸಿಗುವುದಿಲ್ಲ.

ಬುಡ್ಡಿ

*

ಜುಲೈ ೩೦

ಬುಡ್ಡಿ,

ಮೂರು ವಾರ ಅವಳ ಅಂಗಡಿಯ ಮುಂದೆ ಓಡಾಡಿದೆ. ಕೊನೆಗೆ ಒಂದು ಅಂಗಿ ಹರಿದುಕೊಂಡು ಹೋದೆ. ನಾನೇ ಹರಿದೆ. ನಗಬೇಡ.

ಅವಳು ಅಂಗಿ ನೋಡಿ, "ಇದೇನ್ರಿ, ಬ್ಲೇಡಲ್ಲಿ ಕುಯ್ದ ಹಾಗಿದೆ" ಅಂದಳು. ನಾನು ನಿಂತೇ ಇದ್ದೆ. ಅವಳು ಮೆಷಿನ್ ತುಳಿಯುತ್ತಿದ್ದಳು. ಹೇಳಿದೆ. "ನಿಮ್ಮಣ್ಣ ಗಣಿಯಲ್ಲಿ ಹೋಗಿಬಿಟ್ಟ. ನಲವತ್ತೊಂದು ವರ್ಷ ಆಯ್ತು."

ಮೆಷಿನ್ ನಿಲ್ಲಿಸಿದಳು. ತಲೆಯೆತ್ತಿ ನನ್ನನ್ನು ನೋಡಿದಳು.

"ಏನಂದ್ರಿ?" ಅಂದಳು.

ಬುಡ್ಡಿ, ಅದೇ ಧ್ವನಿ. ಅದೇ ಥರ ಸ್ವಲ್ಪ ಮುಂದೆ ಬಾಗಿ. ಸ್ಟೂಲ್ ಎಳೆದುಕೊಂಡು ಕೂತೆ. ಆಮೇಲೆ ಇನ್ನೊಂದು ಸಲ ಹೇಳಿದೆ. ಮೇಜಿನಿಂದ ಹಿಡಿದು ಬಂಡೆ ಕುಸಿದ ದಿನದವರೆಗೂ ಹೇಳಿದೆ.

ನನ್ನ ಅಂಗಿಯನ್ನು ಮಡಿಚಿ ಪಕ್ಕಕ್ಕಿಟ್ಟಳು. ಆಮೇಲೆ ಕೇಳಿದಳು: "ಅಮ್ಮನಿಗೆ ಬಂದ ಕಾಗದಗಳೆಲ್ಲ ನನ್ನ ಹತ್ರ ಇವೆ. ನಮ್ಮಣ್ಣನಿಗೆ ಹೆಸರು ಬಿಟ್ರೆ ಬೇರೆ ಬರೆಯೋಕೆ ಬರ್ತಿರಲಿಲ್ಲ. ಯಾರೋ ಪುಣ್ಯಾತ್ಮನ ಕೈಲಿ ಬರೆಸ್ತಾನೆ ಅಂದ್ಕೊಂಡಿದ್ದೆ. ಆ ಯಾರೋ ನೀವೇನಾ?"

ಹೌದು ಅಂದೆ.

"ಕೆಟಲಿನ ಜೊತೆ ಮಾತಾಡೋ ಗೆಳೆಯ ಒಬ್ಬ ಬರ್ತಿದ್ದನಲ್ಲ ಅದರಲ್ಲಿ, ಅವನೂ ಸುಳ್ಳಾ?"

ಅವನು ನಿಜ ಅಂದೆ.

ಆಗ ಅಳಲಿಲ್ಲ. "ಸತ್ತವನನ್ನ ಇಪ್ಪತ್ತೇಳು ವರ್ಷ ಬೈದ್ನಲ್ಲ" ಅಂದಳು, ಆಗ ಅತ್ತಳು. ನನ್ನನ್ನು ಬೈಯಲಿಲ್ಲ. ನಿನ್ನನ್ನೂ ಇಲ್ಲ. ಬೈಯುವುದೆಲ್ಲ ಅವನ ಮೇಲೇ ಖರ್ಚಾಗಿದೆ ಅಂದಳು. ನಾಳೆ ಬಾ ಅನ್ನಲಿಲ್ಲ, ಬರಬೇಡ ಅಂತಲೂ ಅನ್ನಲಿಲ್ಲ. ಅಂಗಿ ಹೊಲಿದುಕೊಟ್ಟಳು.

ಕಲ್ಲಿನ ಸಂಗತಿ ಹೇಳಿದೆ. ಅಳತೆಗೆ ಇಟ್ಟುಕೊಂಡಿದ್ದ ಕಾಗದದ ತುಂಡು ಹರಿದು ಅವಳೇ ಹೆಸರು ಬರೆದಳು. ನಾನು ಬರೆದುಕೊಡುತ್ತೇನೆ ಅಂದದ್ದಕ್ಕೆ, "ನೀವು ಬರೆದಿದ್ದು ಸಾಕು" ಅಂದಳು. ಇದರ ಜೊತೆ ಇಟ್ಟಿದ್ದೇನೆ.

ಢಂ

*

ಆಗಸ್ಟ್ ೨೪

ಢಮ್ಮಣ್ಣನಿಗೆ,

ಸಮಸ್ತ ಲೋಕದ ಗಮನಕ್ಕೆ ಅತ್ಯಂತ ವಿಷಾದದಿಂದ ತಿಳಿಸುವುದೇನೆಂದರೆ, ಕೆಟಲಿನ ಮುಚ್ಚಳದ ಮರದ ಹಿಡಿ ಸುಟ್ಟು ಕರಕಲಾಗಿದೆ. ನೀನು ಮೊದಲೇ ಹೇಳಿದ್ದೆ. ಆದರೆ ತಪ್ಪು ಕೆಟಲಿನದಲ್ಲ. ಒಲೆಯ ಮೇಲೆ ನೀರಿಟ್ಟು ನಿನ್ನ ಲಕೋಟೆ ಒಡೆದೆ. ಅಷ್ಟರಲ್ಲಿ ನೀರು ಬತ್ತಿತು, ಹಿಡಿ ಹೊತ್ತಿತು, ಕೋಣೆಯೆಲ್ಲ ಹೊಗೆ. ಪಕ್ಕದ ಮನೆಯವಳು ಓಡಿಬಂದು ಕಿಟಕಿ ತೆರೆದು ಏನೇನೋ ಬೈದಳು. ಕಂಪನಿ ಮಾತಿನಲ್ಲಿ. ಅರ್ಧ ಅರ್ಥವಾಯಿತು. ಆದರೂ ಹಿತವಾಗಿತ್ತು, ಮತ್ತೆ ಬಂದು ಬೈಯಲಿ ಅಂತ ಬಾಗಿಲು ಹಾಕಿಕೊಂಡಿಲ್ಲ.

ಲಕೋಟೆಯಿಂದ ಕಾಗದದ ತುಂಡು ತೆಗೆದು ಮೂರನೇ ಮಂಚದ ಮೇಲೆ ಇಟ್ಟೆ. ಗಿಡ್ಡ ಹೆಸರು, ಢಮ್ಮಣ್ಣ! ಅಷ್ಟು ಎತ್ತರದ ಮನುಷ್ಯನಿಗೆ ನಾಲ್ಕೇ ಅಕ್ಷರ. ಕಲ್ಲುಕುಟಿಗನಿಗೆ ಹೇಳಿದೆ. "ಪರವಾಗಿಲ್ಲ, ಸುತ್ತ ಗಾಳಿ ಆಡಲಿ" ಅಂದ. ಟೀಚರಮ್ಮನಿಗೂ ತೋರಿಸಿದೆ. ಈ ಸಲ ಅರ್ಥ ಕೇಳಲಿಲ್ಲ. ಹೇಗೆ ಉಚ್ಚರಿಸಬೇಕು ಅಂತ ಕೇಳಿದರು. ಅಲ್ಲೇ ಸಿಕ್ಕಿಬಿದ್ದೆ.

ತಂಗಿಯವರು ಬರೆದ ತುಂಡಿನ ಮೇಲೆ ಮೆಷಿನ್ ಎಣ್ಣೆ ಬಿದ್ದಿದೆ. ಮೂರನೇ ಅಕ್ಷರದ ಕೆಳಗೆ ಒಂದು ಗುರುತಿದೆ. ಒತ್ತೋ, ಎಣ್ಣೆಯ ಚುಕ್ಕೆಯೋ ತಿಳಿಯುತ್ತಿಲ್ಲ. ಬೆಳಕಿಗೆ ಹಿಡಿದು ನೋಡಿದೆ. ಹಳೆಯ ದೀಪವೊಂದನ್ನು ಒರೆಸಿ ಹೊತ್ತಿಸಿ ಅದರ ಮುಂದೆಯೂ ಹಿಡಿದೆ. ಆಮೇಲೆ ಕೋಣೆಯ ನಡುವೆ ನಿಂತು ಎರಡು ಥರವೂ ಗಟ್ಟಿಯಾಗಿ ಕೂಗಿ ನೋಡಿದೆ, ಒಮ್ಮೆ ಒತ್ತು ಕೊಟ್ಟು, ಒಮ್ಮೆ ಕೊಡದೆ. ಎರಡೂ ಚೆನ್ನಾಗಿಯೇ ಇವೆ. ಯಾವುದಕ್ಕೆ ಅವನು ತಿರುಗಿ ನೋಡುತ್ತಿದ್ದ ಅಂತ ನನಗೆ ಗೊತ್ತಿಲ್ಲ. ಆ ಹೆಸರಿನಿಂದ ನಾನು ಅವನನ್ನು ಒಂದು ಸಲವೂ ಕರೆದಿರಲಿಲ್ಲ.

ಇದರ ಜೊತೆ ಬಟ್ಟೆಯಲ್ಲಿ ಸುತ್ತಿ ಒಂದು ಹಿತ್ತಾಳೆ ಬಿಲ್ಲೆ ಕಳಿಸಿದ್ದೇನೆ. ಮೊಳೆಯಲ್ಲಿ ಉಳಿದಿತ್ತಲ್ಲ, ಅದು. ನಂಬರು ಸವೆದಿದೆ, ನಾನೇ ಒರೆಸಿ ಒರೆಸಿ ಸವೆಸಿದೆ. ದೀಪ ಹಿಂದಿರುಗದಿದ್ದರೂ ಬಿಲ್ಲೆಯನ್ನು ಯಾರಾದರೂ ತೆಗೆದುಕೊಳ್ಳಬೇಕು, ಅದು ದೀಪದ ಕೋಣೆಯ ನಿಯಮ. ತಂಗಿಯವರಿಗೆ ಕೊಡು.

ಇನ್ನು ಒಂದು ಸಣ್ಣ ಉಪಕಾರ. ನೀನು ಹದಿನಾಲ್ಕು ವರ್ಷ ಆ ಸಹಿ ಹಾಕಿದವನು, ಒತ್ತು ಇದೆಯೋ ಇಲ್ಲವೋ ನಿನಗೆ ನಿದ್ದೆಯಲ್ಲೂ ಗೊತ್ತಿರುತ್ತದೆ. ಆದರೆ ನೀನು ಹೇಳಬೇಡ. ನಾವಿಬ್ಬರೂ ಅವನ ಪರವಾಗಿ ಹೇಳಿದ್ದು ಸಾಕು. ಹೊಲಿಗೆ ಅಂಗಡಿಗೆ ಹೋಗಿ ಅವರನ್ನೇ ಕೇಳು. ಬೇಕಾದರೆ ಇನ್ನೊಂದು ಅಂಗಿ ಹರಿದುಕೊಂಡು ಹೋಗು. ಒಣ ಕಾಗದದ ಮೇಲೆ, ಮೆಷಿನ್‌ನಿಂದ ದೂರ, ಅಂಗೈಯಷ್ಟು ದೊಡ್ಡ ಅಕ್ಷರದಲ್ಲಿ, ಒತ್ತಿದ್ದರೆ ಒತ್ತನ್ನು ಬಿಡಿಸಿ ಬರೆಸಿ, ಮುಂದಿನ ಟಪಾಲಿಗೆ ಹಾಕಿಬಿಡು. ಕಲ್ಲುಕುಟಿಗ ಉಳಿ ಮಸೆದು ಕೂತಿದ್ದಾನೆ.

ಕಾಯುತ್ತಿರುವ,
ಬುಡ್ಡಿ